ಗಾಳದ ಎರೆಯೂ ಟಪಾಲು ಚೀಟಿಯೂ

ಟಪಾಲು ಚೀಟಿಯ ಮೇಲೆ ಅರಸರ ಮುಖವನ್ನೂ ದೇಶಭಕ್ತರ ಮುಖವನ್ನೂ ಕಾಣುವುದು ನಮಗೆಲ್ಲರಿಗೂ ರೂಢಿಯಾಗಿದೆ. ನಮ್ಮ ಊರಿನ ನಟಶ್ರೇಷ್ಠರಾದ ಬಳ್ಳಾರಿ ರಾಘವರ ಮುಖವು 1981ರಲ್ಲಿ ಭಾರತದ ಚೀಟಿಯ ಮೇಲೆ ಬಂದುದನ್ನು ಹಿರಿಯರಾದ ವಾಚಕರು ಬಲ್ಲರು. ಆದರೆ ಮೀನು ಹಿಡಿಯುವ ಗಾಳವೂ, ಆ ಗಾಳಕ್ಕೆ ಸುತ್ತಿದ ಬಣ್ಣಬಣ್ಣದ ಗರಿಯೂ ಸರಕಾರದ ಮುದ್ರೆಯನ್ನು ಹೊತ್ತು ಲಕೋಟೆಯ ಮೂಲೆಯಲ್ಲಿ ಕುಳಿತುಕೊಂಡಿವೆಯೆಂದರೆ ಕೆಲವರಿಗೆ ನಗು ಬಂದೀತು. ಹಾಗೆ ಕುಳಿತುಕೊಂಡಿರುವುದು ನಿಜ. ಅಮೆರಿಕದ ಸಂಯುಕ್ತ ಸಂಸ್ಥಾನಗಳವರು 1991ನೆಯ ಇಸವಿ ಮೇ 31ರಂದು ಇಪ್ಪತ್ತೊಂಬತ್ತು ಸೆಂಟಿನ ಐದು ಚೀಟಿಗಳ ಸಣ್ಣ ಪುಸ್ತಕವೊಂದನ್ನು ಹೊರಡಿಸಿದರು. ಐದರಲ್ಲಿಯೂ ಇರುವುದು ಗಾಳದ ಹುಸಿ ನೊಣಗಳೇ. ಕೆನಡಾ ದೇಶದವರು 1998ನೆಯ ಇಸವಿ ಏಪ್ರಿಲ್ 16ರಂದು ನಲವತ್ತೈದು ಸೆಂಟಿನ ಆರು ಚಿತ್ರಗಳನ್ನೂ, 2005ರಲ್ಲಿ ಮತ್ತೆ ನಾಲ್ಕು ಚಿತ್ರಗಳನ್ನೂ ಹೊರಡಿಸಿದರು. ಮೀನಿನ ಚಿತ್ರವು ಚೀಟಿಗೆ ಹೊಸದಲ್ಲ. ನ್ಯೂಫೌಂಡ್ಲೆಂಡ್ ದ್ವೀಪದವರು 1865ರಲ್ಲಿಯೇ ತಮ್ಮ ಎರಡು ಸೆಂಟಿನ ಚೀಟಿಯ ಮೇಲೆ ಕಾಡ್ ಎಂಬ ಮೀನನ್ನು ಅಚ್ಚು ಮಾಡಿಸಿದ್ದರು. ಮೀನಿನ ಜಾಗಕ್ಕೆ ಮೀನನ್ನು ವಂಚಿಸುವ ವಸ್ತುವು ಬಂದುದೇ ಹೊಸತು. ಚೀಟಿ ಕೂಡಿಸುವ ಹುಡುಗಿಯರಿಗೆ ಇದರಿಂದ ಒಂದು ತೊಡಕು ಉಂಟಾಗಿದೆ: ಇವುಗಳನ್ನು ಕೀಟಗಳ ಪುಟಕ್ಕೆ ಅಂಟಿಸಬೇಕೋ, ಪಕ್ಷಿಗಳ ಪುಟಕ್ಕೋ, ಮೀನಿನ ಪುಟಕ್ಕೋ? ಈ ಲೇಖನವನ್ನು ಓದಿದ ಮೇಲೆ ಪಕ್ಷಿಗಳ ಪುಟವೇ ಸರಿಯೆಂದು ಕೆಲವರಿಗಾದರೂ ತೋರಬಹುದು.

ನಮ್ಮ ಸೀಮೆಯಲ್ಲಿ ಎರೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹತ್ತಿ ಜೋಳಗಳು ಬೆಳೆಯುವ ಕರಿಯ ನೆಲವು ಎರೆ. ಗಾಳದ ಕೊಕ್ಕೆಗೆ ಸಿಕ್ಕಿಸುವ ತಿಂಡಿಯೂ ಎರೆ. ಎರೆಯ ಹೊಲದ ನಡುವೆ ಹುಟ್ಟಿದ ಬಳ್ಳಾರಿಯ ಮಕ್ಕಳಿಗೆ ಮೊದಲನೆಯದು ಚೆನ್ನಾಗಿ ತಿಳಿದಿರುವುದು. ಎರಡನೆಯದನ್ನು ತಿಳಿಯಬೇಕಾದರೆ ವಿಜಯನಗರದ ಕಾಲದ ಕಾಲುವೆಗಳು ಗದ್ದೆಗಳಿಗೆ ನೀರುಣಿಸುವ ಸಿರುಗುಪ್ಪ ದೇಸನೂರುಗಳ ಕಡೆಗೆ, ತುಂಗಭದ್ರೆಯ ದಡಕ್ಕೆ ಹೋಗಬೇಕು. ಅಲ್ಲಿ ಬಲೆ ಬೀಸುವ ಬೆಸ್ತರಲ್ಲದೆ, ಬಿದಿರ ಕೋಲು, ದಾರ, ಬೆಂಡು, ಕೊಕ್ಕೆ ಇಷ್ಟನ್ನೇ ಹಿಡಿದು ಸುಮ್ಮನೆ ಕುಳಿತುಕೊಳ್ಳುವವರೂ ಉಂಟು. ಸಣ್ಣ ಮೀನಿಗೆ ಎರೆಹುಳು, ಗೆಂಡೆಯ ಜಾತಿಗೆ ಹಿಟ್ಟಿನ ಉಂಡೆ, ಬಾಳೆಮೀನಿಗೆ ಜೀವವಿರುವ ಮರಿಮೀನು. ಕೆರೆಹೊಂಡಗಳಲ್ಲಿರುವ ಕೊರವನಿಗೆ, ಎಂದರೆ ತೆಲುಗರು ಕೊರಮೀನು ಎನ್ನುವುದಕ್ಕೆ, ಕಪ್ಪೆಯ ಮರಿಯಷ್ಟು ರುಚಿಯಾದುದು ಬೇರೊಂದಿಲ್ಲ. ಈ ಮೀನು ಕಿವಿರಿನಿಂದ ಮಾತ್ರವೇ ಉಸಿರಾಡಲಾರದು. ಆಗಾಗ್ಗೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಲೇಬೇಕು. ಆದುದರಿಂದ ನೀರಿನ ಮೇಲ್ಭಾಗದಲ್ಲಿ ತಡಬಡಿಸುವ ಕಪ್ಪೆಯು ಅದರ ಕಣ್ಣಿಗೆ ಬೇಗ ಬೀಳುವುದು.

ಯಾವ ಮೀನಿಗೆ ಯಾವ ಎರೆ ಎಂಬ ಈ ವಿದ್ಯೆಯು ನಮ್ಮ ನಾಡಿನಲ್ಲಿ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇರುವುದು. ಮೀನಿನ ಜಾತಿಗಳು, ಅವು ಸಮುದ್ರದವೋ ನದಿಯವೋ ಎಂಬುದು, ಅವುಗಳಿಗೆ ಪ್ರಿಯವಾದ ಆಹಾರ, ಗಾಳದ ಕೋಲು, ದಾರ ಇವೆಲ್ಲವನ್ನೂ ಅರಸನು ಅಲ್ಲಿ ವಿವರಿಸಿರುವನು. ಕುರುಗೋಡಿನ ಸಿಂದರು ಈ ಚಾಲುಕ್ಯರ ಸಾಮಂತರಾಗಿದ್ದವರು. ದೊಡ್ಡಬಸವೇಶ್ವರನ ಗುಡಿಯನ್ನು ನೋಡಲು ಕುರುಗೋಡಿಗೆ ಹೋದವರು ಆ ಕಾಲದ ಅರಸುಮನೆಗಳಲ್ಲಿ ಗಾಳ ಹಾಕುವುದೂ ಒಂದು ಕಲೆಯೆಂದು ಎಣಿಸಲ್ಪಡುತ್ತಿತ್ತೆಂಬುದನ್ನು ಒಮ್ಮೆ ನೆನೆಯಬಹುದು.

ಇಷ್ಟೂ ನಿಜವಾದ ಎರೆಯ ಮಾತಾಯಿತು. ಚೀಟಿಗಳ ಮೇಲಿರುವುದು ಹುಸಿ ಎರೆ. ಅದರಲ್ಲಿ ತಿನ್ನತಕ್ಕದ್ದು ಏನೂ ಇಲ್ಲ. ಮೀನು ನೋಡಿ ಮೋಸಹೋಗಬೇಕು, ಇಲ್ಲವೆ ನೀರಿನ ಅಲುಗಾಟದಿಂದ ಮೋಸಹೋಗಬೇಕು. ಮೀನಿನ ಮೈಯ ಎರಡು ಪಕ್ಕಗಳಲ್ಲಿ ಕಿವಿರಿನ ಬಳಿಯಿಂದ ಬಾಲದವರೆಗೆ ಸಣ್ಣದೊಂದು ಗೆರೆಯು ಓಡಿರುವುದನ್ನು ಅಡಿಗೆ ಮನೆಯಲ್ಲಿ ಮೀನನ್ನು ಹಸನು ಮಾಡಿದವರು ಕಂಡಿರುವರು. ಅದು ಬರಿಯ ಗೆರೆಯಲ್ಲ, ಒಂದು ಇಂದ್ರಿಯ. ನೀರಿನಲ್ಲಿ ಹುಟ್ಟುವ ಅತಿ ಸಣ್ಣ ಕಂಪನವನ್ನೂ ಮೀನು ಅದರಿಂದ ತಿಳಿಯುವುದು. ಲೋಹದ ತಗಡು ಹೊಳೆಹೊಳೆಯುತ್ತ ತೂರಾಡಿಕೊಂಡು ಬಂದರೆ ಗಾಯಗೊಂಡ ಮರಿಮೀನೇ ಬಂದಂತೆ ಅದಕ್ಕೆ ತೋರುವುದು. ಅಮೆರಿಕದ ವರ್ಮಾಂಟ್ ಸೀಮೆಯ ಜೂಲಿಯೋ ಬ್ಯೂಯೆಲ್ ಎಂಬಾತನು ದೋಣಿಯಿಂದ ಚಮಚೆಯೊಂದನ್ನು ಸರೋವರಕ್ಕೆ ಬೀಳಿಸಿಕೊಂಡು, ದೊಡ್ಡ ಮೀನೊಂದು ಅದಕ್ಕೆ ಬಾಯಿ ಹಾಕಿದುದನ್ನು ನೋಡಿ, ಚಮಚೆಯ ಗಾಳವನ್ನು ಕಂಡುಹಿಡಿದನೆಂದು ಹೇಳುತ್ತಾರೆ. ಕಥೆ ಹೇಗಾದರಿರಲಿ, 1852ರಲ್ಲಿ ಆತನಿಗೆ ಅದರ ಹಕ್ಕುಪತ್ರ ದೊರೆತುದು ನಿಜ. ಮಿಶಿಗನ್ನಿನ ಜೇಮ್ಸ್ ಹೆಡನ್ ಎಂಬಾತನು ಮರದಲ್ಲಿ ಕಪ್ಪೆಯನ್ನು ಕೆತ್ತಿದನು. ನಮ್ಮ ಕೊರವ ಹಿಡಿಯುವವರು ಇದನ್ನು ಕೇಳಿದರೆ ಆಶ್ಚರ್ಯಪಡಲಾರರು. ಫಿನ್ಲೆಂಡಿನ ಬಡ ಬೆಸ್ತನಾದ ಲೌರಿ ರಾಪಾಲಾ ಎಂಬಾತನು 1936ರಲ್ಲಿ ಬೆಂಡಿನ ತುಂಡನ್ನು ಮೀನಿನಾಕಾರಕ್ಕೆ ಕೆತ್ತಿ, ಮಿಠಾಯಿಗೆ ಸುತ್ತಿದ ಬೆಳ್ಳಿಯ ಕಾಗದವನ್ನು ಹೊದಿಸಿ, ಫೋಟೋದ ಹಳೆಯ ಫಿಲ್ಮುಗಳನ್ನು ಕರಗಿಸಿ ಮೇಲೆ ಲೇಪಿಸಿದನು. ಆ ಬೆಂಡಿನ ತುಂಡು ಈಗ ಜಗತ್ತಿನಲ್ಲೆಲ್ಲ ಮಾರಾಟವಾಗುವ ದೊಡ್ಡ ವ್ಯಾಪಾರವಾಗಿದೆ.

ಗರಿಯಿಂದ ಕಟ್ಟಿದ ನೊಣದ ವಿಷಯವು ಇದಕ್ಕಿಂತಲೂ ವಿಚಿತ್ರವಾದುದು. ನಮಗೆ ಸಂಬಂಧಿಸಿದುದೂ ಅದೇ. ಕೊಕ್ಕೆಯ ಮೇಲೆ ರೇಷ್ಮೆಯ ನೂಲನ್ನು ಸುತ್ತಿ, ಜರಿಯ ಎಳೆಯನ್ನು ಕಟ್ಟಿ, ಬೇರೆ ಬೇರೆ ಹಕ್ಕಿಗಳ ಗರಿಯ ಎಳೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ, ನೂಲಿಗೆ ಮೇಣ ತಿಕ್ಕಿ ಬಿಗಿಯುವ ಈ ಕೆಲಸವನ್ನು ಕಸೂತಿ ಬಲ್ಲವರು ಒಮ್ಮೆ ನೋಡಿದರೆ ಸಾಕು, ಇದು ತಮ್ಮದೇ ಕುಲದ ವಿದ್ಯೆಯೆಂದು ಗುರುತಿಸುವರು. ಸಾಲ್ಮನ್ ಎಂಬ ಮೀನಿಗಾಗಿ ಕಟ್ಟುವ ನೊಣಗಳಂತೂ ಯಾವ ಕೀಟವನ್ನೂ ಹೋಲುವುದಿಲ್ಲ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಏರಿ ಬಂದ ಮೇಲೆ ಆಹಾರವನ್ನು ತಿನ್ನುವುದನ್ನೇ ಬಿಡುತ್ತದೆ. ಹಸಿವಿಲ್ಲದ ಮೀನಿನ ಬಾಯಿ ತೆರೆಯಿಸಬೇಕಾದುದರಿಂದ ಕಟ್ಟುವವರು ಕಂಡ ಕಂಡ ಬಣ್ಣಗಳನ್ನೆಲ್ಲ ಸೇರಿಸುತ್ತ ಹೋದರು. ಮೀನಿಗಿಂತ ಮನುಷ್ಯನ ಕಣ್ಣನ್ನೇ ಅವು ಹೆಚ್ಚು ಸೆಳೆದವೆಂಬುದು ನಮ್ಮ ಅಭಿಪ್ರಾಯ.

ಕೆನಡಾದ 1998ರ ಚೀಟಿಗಳಲ್ಲೊಂದರ ಮೇಲಿರುವ ನೊಣದ ಹೆಸರು ಲೇಡಿ ಆಮ್ಹರ್ಸ್ಟ್. ಈ ಹೆಸರು ಬಂದುದು ಕಪ್ಪು ಬಿಳುಪಿನ ಗೆರೆಗಳುಳ್ಳ ಗರಿಯ ಒಂದು ಜಾತಿಯ ಕಾಡುಕೋಳಿಯಿಂದ. ಆ ಹಕ್ಕಿಗೆ ಹೆಸರು ಬಂದುದು ಇಂಡಿಯಾ ದೇಶದ ಗವರ್ನರ್ ಜನರಲ್ ಆಗಿದ್ದ ಆಮ್ಹರ್ಸ್ಟ್ ಪ್ರಭುವಿನ ಪತ್ನಿಯಿಂದ. ಅವರು 1823ರಿಂದ 1828ರವರೆಗೆ ಇಲ್ಲಿದ್ದರು. ನಮ್ಮ ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಸಾಹೇಬರು ಮದರಾಸಿನ ಗವರ್ನರರಾಗಿದ್ದುದೂ ಆ ಕಾಲದಲ್ಲಿಯೇ. ಚೀನಾ ಬರ್ಮಾಗಳ ಬೆಟ್ಟಗಳ ಆ ಹಕ್ಕಿಯನ್ನು ಲಂಡನ್ನಿಗೆ ಕಳುಹಿಸಿದ್ದು ಸಸ್ಯಶಾಸ್ತ್ರದಲ್ಲಿ ಆಸಕ್ತಿಯುಳ್ಳ ಈ ಮಹಿಳೆ. ಕಲ್ಕತ್ತೆಯ ಗವರ್ನರನ ಮಡದಿಯ ಹೆಸರು ಹಕ್ಕಿಗೆ, ಹಕ್ಕಿಯ ಹೆಸರು ಕೊಕ್ಕೆಗೆ, ಕೊಕ್ಕೆಯ ಚಿತ್ರ ಕೆನಡಾದ ಚೀಟಿಗೆ ಹೋಯಿತು.

ಅಮೆರಿಕದ 1991ರ ಚೀಟಿಗಳಲ್ಲಿ ಜಾಕ್ ಸ್ಕಾಟ್ ಎಂಬುದು ಇನ್ನೂ ಸಮೀಪದ ಬಂಧು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ಜಾಕ್ ಸ್ಕಾಟ್ ಎಂಬ ಮೀನುಗಾರನು ಕಟ್ಟಿದ ನೊಣವಿದು. ಮೈಯ ಅರ್ಧಭಾಗ ಹಳದಿಯ ರೇಷ್ಮೆ, ಉಳಿದರ್ಧ ಕರಿಯ ರೇಷ್ಮೆ. ಮೇಲೆ ಹಲವು ಹಕ್ಕಿಗಳ ಗರಿ. ಕೆನ್ನೆಯ ಸ್ಥಾನದಲ್ಲಿ ಮೀನಿನ ಕಣ್ಣಿನಂತೆ ಹೊಳೆಯುವ ಒಂದು ಗರಿಯಿರುವುದು. ಅದು ನಮ್ಮ ದಕ್ಷಿಣ ದೇಶದ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯ ಗರಿ. ಈ ಹಕ್ಕಿಯು ಇಂಡಿಯಾದ ಪರ್ಯಾಯದ್ವೀಪದಲ್ಲಲ್ಲದೆ ಬೇರೆಲ್ಲಿಯೂ ಕಾಡಿನಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಮಲೆನಾಡಿಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ಬೆಳಗಿನ ಜಾವದಲ್ಲಿ ಅದರ ಕೂಗನ್ನು ಕೇಳಿರಬಹುದು. ಅದರ ಕುತ್ತಿಗೆಯ ಒಂದೊಂದು ಗರಿಯ ತುದಿಯಲ್ಲಿಯೂ ಅರಗನ್ನು ಕರಗಿಸಿ ಬೊಟ್ಟಿಟ್ಟಂತೆ ಗಟ್ಟಿಯಾದ ಹಳದಿ ಬಿಳುಪಿನ ಚುಕ್ಕೆಯಿರುವುದು; ನೀರಿನಲ್ಲಿ ನೆನೆದರೂ ಅದರ ಹೊಳಪು ಕೆಡದು. ಈ ಗುಣಕ್ಕಾಗಿಯೇ ನೊಣ ಕಟ್ಟುವವರು ಅದನ್ನು ಬಿಡದೆ ಬೇಡಿದರು.

ಒಂದು ನೊಣಕ್ಕೆ ಬೇಕಾದುದು ಎರಡೇ ಗರಿ. ಆದರೆ ಕುತ್ತಿಗೆಯ ಚರ್ಮವನ್ನು ಇಡಿಯಾಗಿ ಸುಲಿದು ಕಳುಹಿಸುವುದು ವ್ಯಾಪಾರದ ಪದ್ಧತಿಯಾಗಿತ್ತು. ಅದಕ್ಕೆ ಹಕ್ಕಿ ಸಾಯಲೇಬೇಕು. ಹಕ್ಕಿಗಳ ಚರ್ಮವನ್ನೂ ಗರಿಯನ್ನೂ ಹೊರದೇಶಕ್ಕೆ ಸಾಗಿಸಕೂಡದೆಂದು ಇಂಡಿಯಾ ಸರಕಾರವು 1902ರಲ್ಲಿ ಆಜ್ಞೆ ಮಾಡಿತು. ಆದರೂ ಕಾಡುಕೋಳಿಯ ಗರಿಗೆ ಬೇಡಿಕೆ ಬತ್ತಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದ ಮೇಲೆ ಅದನ್ನು ಬೇಟೆಯಾಡುವುದು ಅಪರಾಧ. ಈಗ ಇಂಗ್ಲೆಂಡಿನಲ್ಲಿ ಈ ಕೋಳಿಯನ್ನು ಗರಿಗಾಗಿಯೇ ಸಾಕುತ್ತಾರೆ. ಆದರೂ ಗರಿಯ ಹುಚ್ಚು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಒಂದು ಸಂಗತಿಯನ್ನು ಹೇಳಬೇಕು. 2009ನೆಯ ಇಸವಿ ಜೂನ್ ತಿಂಗಳಿನ ಒಂದು ರಾತ್ರಿ, ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯದ ಕಿಟಕಿಯನ್ನೊಡೆದು ಸಂಗೀತದ ವಿದ್ಯಾರ್ಥಿಯೊಬ್ಬನು 299 ಹಕ್ಕಿಗಳ ಚರ್ಮಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದನು. ಅವುಗಳಲ್ಲಿ ಕೆಲವು ಆಲ್ಫ್ರೆಡ್ ರಸೆಲ್ ವಾಲೇಸರು ನೂರೈವತ್ತು ವರ್ಷಗಳ ಹಿಂದೆ ಮಲಯದ ದ್ವೀಪಗಳಿಂದ ಕಷ್ಟಪಟ್ಟು ಕೂಡಿಸಿ ತಂದವು. ಹುಡುಗನಿಗೆ ಬೇಕಾಗಿದ್ದುದು ಸಾಲ್ಮನ್ ನೊಣ ಕಟ್ಟುವುದಕ್ಕೆ ಗರಿಗಳು. ಅವನು ಸಿಕ್ಕಿಬಿದ್ದನಾದರೂ ಅನೇಕ ಚರ್ಮಗಳಿಂದ ಎಲ್ಲಿ ಯಾವಾಗ ಹಿಡಿದುದೆಂಬ ಚೀಟಿಗಳು ಕಿತ್ತುಹೋಗಿದ್ದುದರಿಂದ ಅವು ಶಾಸ್ತ್ರಕ್ಕೆ ನಿರುಪಯೋಗವಾದುವು.

ಇದೇ ಕಲೆಯಲ್ಲಿ ಬೇರೆ ಬಗೆಯ ಜನರೂ ಇದ್ದರೆಂಬುದನ್ನು ಹೇಳದೆ ಬಿಡಲಾಗದು. ಸ್ಕಾಟ್ಲೆಂಡಿನ ಬ್ರೋರಾ ಎಂಬ ಹಳ್ಳಿಯ ಬಳಿ ಸಮುದ್ರದ ಕಡೆಗೆ ಮುಖಮಾಡಿದ ಒಂದು ಗುಡಿಸಲಿನಲ್ಲಿ ಮೇಗನ್ ಬಾಯ್ಡ್ ಎಂಬ ಮಹಿಳೆ ಜೀವಮಾನವೆಲ್ಲ ಕುಳಿತು ನೊಣಗಳನ್ನು ಕಟ್ಟಿದರು. ಇವರು 1915ರಲ್ಲಿ ಹುಟ್ಟಿ 2001ರಲ್ಲಿ ತೀರಿಕೊಂಡರು. ರಾಜಕುಮಾರರೂ ಇವರ ಗಿರಾಕಿಗಳಾಗಿದ್ದರು. ಆದರೆ ತಾವಾಗಿ ಒಂದು ದಿನವೂ ಗಾಳ ಹಾಕಲಿಲ್ಲ. ಮೀನನ್ನು ಕೊಲ್ಲಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. 1971ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪದಕವನ್ನು ಕೊಡುವೆವೆಂದು ರಾಣಿಯವರು ಅರಮನೆಗೆ ಕರೆಯಿಸಿದಾಗ, ಆ ದಿನ ತಮ್ಮ ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲವಾದುದರಿಂದ ಬರಲಾಗದೆಂದು ಉತ್ತರ ಬರೆದರೆಂದು ಹೇಳುತ್ತಾರೆ. ಕೈಕೆಲಸದಲ್ಲಿ ನಿಷ್ಠೆಯಿರುವವರಿಗೆ ಅರಮನೆಗಿಂತ ಮನೆ ದೊಡ್ಡದಾಗಿ ಕಂಡುದು ನಮ್ಮ ತಾಯಂದಿರಿಗೆ ಒಪ್ಪಿಗೆಯಾದೀತು.

ಇನ್ನು ನಮ್ಮ ಹೊಳೆಗಳ ಕಡೆಗೆ ಬರೋಣ. ಇಂಡಿಯಾದಲ್ಲಿ ಗಾಳದ ಕೋಲಿನ ಮೇಲೆ ಬರೆದ ಪ್ರಸಿದ್ಧ ಪುಸ್ತಕವು ಕನ್ನಡದ ನೆಲದಲ್ಲಿಯೇ ಅಚ್ಚಾದುದು. ಬಳ್ಳಾರಿಯಂತೆಯೇ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಅದನ್ನು ಬರೆದರು. 1873ರಲ್ಲಿ ಮಂಗಳೂರಿನಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಹೆಚ್ಚಿನ ಗೌರವವನ್ನು ಪಡೆದಿರುವ ಮೀನು ಮಹಶೀರ್. ಕಾವೇರಿಯ ದಡದವರು ಇದನ್ನು ಬಿಳಿಮೀನೆನ್ನುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಯಾತ್ರಿಕರು ಪುರಿ ಚೆಲ್ಲುವ ದೇವರ ಮೀನುಗಳೂ ಈ ಕುಲದವೇ. ಆಂಗ್ಲರು ಇದಕ್ಕೆ ಚಮಚೆಯ ಗಾಳವನ್ನು ಒಡ್ಡಿದರು. ಆದರೆ ಕಾವೇರಿಯ ದಡದ ಜನರು ಒಡ್ಡಿದ್ದು ಬೇಯಿಸಿ ನಾದಿದ ರಾಗಿಹಿಟ್ಟಿನ ಉಂಡೆಯನ್ನು. ಅದಕ್ಕೆ ಹೊಳಪಿಲ್ಲ, ಗರಿಯಿಲ್ಲ, ವಾಸನೆಯೊಂದೇ ಬಲ. ಹೊರದೇಶಗಳಿಂದ ಬಂದ ಗಾಳಗಾರರೂ ಕೊನೆಗೆ ತಮ್ಮ ಪೆಟ್ಟಿಗೆಯನ್ನು ಮುಚ್ಚಿ ರಾಗಿಮುದ್ದೆಗೇ ಶರಣಾದರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳ ತೂಕಕ್ಕಿಂತ ಇದು ಹೆಚ್ಚೇ ಆದೀತು.

ಕಾವೇರಿಯ ಈ ದೈತ್ಯನು ಬೆನ್ನಿನ ಮೇಲೆ ಗೂನುಳ್ಳ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಜಾತಿ. ನಮ್ಮ ತುಂಗಭದ್ರೆಯು ಸೇರುವ ಕೃಷ್ಣೆಯ ಕುಟುಂಬದಲ್ಲಿರುವುದು ನೀಲಿ ರೆಕ್ಕೆಯ ಬೇರೊಂದು ಜಾತಿ. ಸೈಕ್ಸ್ ಎಂಬ ವಿದ್ವಾಂಸರು ಪುಣೆಯ ನದಿಯಿಂದ ಅದನ್ನು 1839ರಲ್ಲಿ ವರ್ಣಿಸಿದರು. 1970ರ ದಶಕದಿಂದ ಲೋಣಾವಳದಲ್ಲಿ ಈ ನೀಲಿ ರೆಕ್ಕೆಯ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿ, ಮಹಶೀರ್ ಸಂತತಿಯು ಉಳಿಯಲೆಂಬ ಒಳ್ಳೆಯ ಉದ್ದೇಶದಿಂದಲೇ ಹಲವು ನದಿಗಳಿಗೆ ಬಿಟ್ಟರು. ಕಾವೇರಿಗೂ ಬಿಟ್ಟರು. ಬಂದ ನಂಟನು ಮನೆಯವನನ್ನೇ ಮೂಲೆಗೆ ತಳ್ಳಿದನು. ಇದು ತಿಳಿದುಬಂದ ಬಗೆ ಗಮನಿಸತಕ್ಕದ್ದು. ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕಿ, ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೆ ಬಿಡುತ್ತಿದ್ದವರು 1998ರಿಂದ 2012ರವರೆಗೆ ಪ್ರತಿಯೊಂದು ಮೀನಿನ ಲೆಕ್ಕವನ್ನೂ ಬರೆದಿಟ್ಟಿದ್ದರು. ಆ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಿದ ಶಾಸ್ತ್ರಜ್ಞರಿಗೆ ನೀಲಿ ರೆಕ್ಕೆಯದು ಏರುತ್ತ, ಗೂನುಬೆನ್ನಿನದು ಇಳಿಯುತ್ತ ಬಂದುದು ಕಂಡಿತು. ಅಷ್ಟರವರೆಗೆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಕೂಡ ನಿಶ್ಚಯವಾಗಿರಲಿಲ್ಲ. 2018ರಲ್ಲಿ ಅದು ಟೋರ್ ರೆಮಾದೇವಿ ಎಂದು ನಿಶ್ಚಯವಾಯಿತು. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಮೀನನ್ನು ವಂಚಿಸುತ್ತಿದ್ದವರ ಕೈಬರಹವೇ ಮೀನಿನ ಪರವಾದ ಸಾಕ್ಷಿಯಾಯಿತು. ಅಲ್ಲಿ ಗಾಳ ನಿಂತ ಮೇಲೆ ಅಂತಹ ಲೆಕ್ಕವೂ ನಿಂತಿತು. ಗಾಳ ನಿಲ್ಲಿಸಿದುದು ಸರಿಯೋ ತಪ್ಪೋ ಎಂಬುದರಲ್ಲಿ ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿದೆ. ಲೆಕ್ಕ ನಿಂತುದು ಮಾತ್ರ ನಷ್ಟವೆಂದೇ ನಮ್ಮ ಎಣಿಕೆ.

ತುಂಗಭದ್ರೆಯಲ್ಲಿ ಇಂತಹ ಲೆಕ್ಕವಿಟ್ಟವರು ವಿರಳ. ಹೊಸಪೇಟೆಯ ಬಳಿ 1953ರಲ್ಲಿ ನೀರು ನಿಂತಂದಿನಿಂದ ಸಿರುಗುಪ್ಪದ ಗದ್ದೆಗಳು ಹಸುರಾದುವು, ಕುರುಗೋಡಿನ ಕಡೆಗೂ ಕಾಲುವೆ ಹರಿಯಿತು, ಅದನ್ನು ಬೇಡವೆನ್ನುವವರಾರು? ಆದರೆ ಮಹಶೀರ್ ಮಳೆಗಾಲದಲ್ಲಿ ಹೊಳೆಯನ್ನೇರಿ ಹೋಗಿ ಕಲ್ಲುಮರಳಿನ ಮಡುಗಳಲ್ಲಿ ಮೊಟ್ಟೆಯಿಡುವ ಮೀನು. ಕಟ್ಟೆ ಅದಕ್ಕೆ ಗೋಡೆ. ಮರಳು ತೆಗೆಯುವುದೂ, 1897ರ ಮೀನುಗಾರಿಕೆಯ ಕಾಯಿದೆಯು ನಿಷೇಧಿಸಿದ್ದರೂ ಸಿಡಿಮದ್ದು ಹಾಕುವುದೂ ಉಳಿದುದನ್ನು ತೆಗೆಯುತ್ತವೆ. ಕೆರೆ ಜಲಾಶಯಗಳಿಗೆ ಈಗ ಬಿತ್ತುವುದು ಹೆಚ್ಚಾಗಿ ಗಂಗೆಯ ಕಡೆಯ ಕಟ್ಲಾ ರೋಹುಗಳ ಮರಿಗಳನ್ನು. ಸಂತೆಯಲ್ಲಿ ಮಕ್ಕಳು ಕಾಣುವ ಮೀನೂ ಅದೇ.

ನಮ್ಮ ದೇಶದ ನಿತ್ಯಬಳಕೆಯ ಚೀಟಿಗಳಲ್ಲಿ ಮೀನು ಬಾರದೆ ಇಲ್ಲ. ಎಂಬತ್ತರ ದಶಕದಲ್ಲಿ ಕಾಗದ ಬರೆದ ತಾಯಂದಿರು ಐದು ಪೈಸೆಯ ಚೀಟಿಯ ಮೇಲಿದ್ದ ಮೀನನ್ನು ನೆನೆಯಬಹುದು. ಹಳೆಯ ಪೆಟ್ಟಿಗೆಯ ಕಾಗದಗಳಲ್ಲಿ ಹುಡುಕಿದರೆ ಸಿಕ್ಕೀತು. ಹೊಸ ಚೀಟಿಗೆ ವಿಷಯವನ್ನು ಸೂಚಿಸುವ ಅಧಿಕಾರ ದೊಡ್ಡವರಿಗೆ ಮಾತ್ರವೇ ಇರುವುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಸಾಮಾನ್ಯ ಪ್ರಜೆಯೂ ಕಾರಣಗಳನ್ನು ಬರೆದು ಅಂಚೆ ಇಲಾಖೆಗೆ ಸೂಚನೆಯನ್ನು ಕಳುಹಿಸಬಹುದು. ಸಲಹಾ ಸಮಿತಿಯೊಂದು ಅದನ್ನು ಪರಿಶೀಲಿಸುವುದು. ಈ ಶಾಲೆಯಲ್ಲಿ ಚಿತ್ರ ಬರೆಯುವ ಹುಡುಗಿಯರು ಅಂತಹದೊಂದನ್ನು ಬರೆಯುವುದಾದರೆ ಕೊಕ್ಕೆಯೊಂದನ್ನೇ ಬರೆಯದೆ, ಕೊಕ್ಕೆಯ ಪಕ್ಕದಲ್ಲಿ ಮೀನನ್ನೂ ಬರೆಯಲಿ. ರಾಗಿಯ ಉಂಡೆಯು ಕಂದಾಗಿ ಗುಂಡಗಿರುವುದು; ಅದರಲ್ಲಿ ಬಣ್ಣ ತುಂಬುವುದಕ್ಕೆ ಏನೂ ಇಲ್ಲ. ಬಣ್ಣವನ್ನೆಲ್ಲ ಗೂನುಬೆನ್ನಿನ ಮೀನಿನ ಕಿತ್ತಳೆಯ ರೆಕ್ಕೆಗಳಿಗೆ ಉಳಿಸಿಕೊಳ್ಳಬಹುದು.